ಸೋಮವಾರದ ಗಂಟು

ಸಾಹುಕಾರರು ಆ ಕಥೆಯನ್ನು ಎಲ್ಲಿ ನಿಲ್ಲಿಸಿ ಎಲ್ಲಿಂದ ಮುಂದುವರಿಸುತ್ತಾರೆ ಎಂಬುದು ನನಗೆ ಬಾಯಿಪಾಠ. ಹರಪನಹಳ್ಳಿಯ ಸನ್ಮಾನವಿರಲಿ, ಹಡಗಲಿಗೆ ಆಂಬುಲೆನ್ಸ್ ಕೊಟ್ಟ ಸಮಾರಂಭವಿರಲಿ, ಮೈಕು ಕೈಗೆ ಬಂದರೆ ಅದೇ ಕಥೆ.

"ಹೊಸಪೇಟಿ ಗ್ಯಾರೇಜಿನಾಗ ಬಸ್ಸು ತೊಳೀತಿದ್ದೆ. ನಮ್ಮವ್ವ ದಿನಾ ಬಸ್ಸಿಗೆ ಐದು ರೊಟ್ಟಿ ಕಟ್ಟಿ ಕಳಸ್ತಿದ್ಲು. ವಾರದಾಗ ಒಂದಿನ ಮಾತ್ರ ಗಂಟು ಬಿಚ್ಚಿದ್ರ ಮೂರೇ! ಇನ್ನೆರಡು ಕಂಡಕ್ಟರಪ್ಪನ ಹೊಟ್ಟ್ಯಾಗ!"

ಇಲ್ಲಿ ನಿಲ್ಲಿಸುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಬಸ್ಸಿನ ಮಾಲೀಕನಾಗಬೇಕೆಂದು ಆವತ್ತೇ ಆಣೆ ಮಾಡಿದ್ದು, ಇವತ್ತು ಊರೂರಿಗೆ ತಮ್ಮ ಬಸ್ಸು ಓಡುವುದು, ದೇವರು ಕೊಟ್ಟದ್ದನ್ನು ಬಡವರಿಗೆ ಹಂಚುವುದು ಆಮೇಲೆ ಬರುತ್ತದೆ. ಹಂಚುವುದು ಸುಳ್ಳಲ್ಲ. ಶಾಲೆಗೆ ಕೋಣೆ, ಆಸ್ಪತ್ರೆಗೆ ಮಂಚ, ಕಾಶಿಗೆ ಹೋಗುವ ಮುದುಕಿಯರಿಗೆ ಬಸ್ಸು, ಎಲ್ಲವನ್ನೂ ಕೊಟ್ಟಿದ್ದಾರೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು. ಬರೀ ಕೆಟ್ಟವರಾಗಿದ್ದರೆ ಅವರ ಮಾತನ್ನು ಯಾರು ನಂಬುತ್ತಿದ್ದರು?

ಆ ಕಂಡಕ್ಟರ್ ನಮ್ಮಪ್ಪ. ಸಾಹುಕಾರರು ಹೆಸರು ಹೇಳುವುದಿಲ್ಲ; ಅವರಿಗದು ಗೊತ್ತೂ ಇಲ್ಲ. ಗ್ಯಾರೇಜಿನ ಗೇಟಿನಲ್ಲಿ ಗಂಟು ಇಳಿಸಿ ಬಸ್ಸು ಮುಂದಕ್ಕೆ ಹೋಗುತ್ತಿತ್ತು. ಆದರೆ ಕೊಟ್ಟೂರು, ಕೂಡ್ಲಿಗಿಯ ನಡುವಿನ ನಮ್ಮೂರಿಗೆ ಇದ್ದದ್ದು ಒಂದೇ ಬಸ್ಸು. ಅದರ ಬಾಗಿಲಲ್ಲಿ ಚರ್ಮದ ಚೀಲ ಹಾಕಿಕೊಂಡು ನಿಲ್ಲುತ್ತಿದ್ದವನು ಯಾರೆಂದು ಊರಿಗೆಲ್ಲ ಗೊತ್ತು. ಆ ಭಾಷಣ ಫೋನಿನಿಂದ ಫೋನಿಗೆ ಹರಿದಾಡಿದ ಮೇಲೆ ಚಹಾದಂಗಡಿಯವನೊಬ್ಬ, "ಏನ್ ಯಜಮಾನ್ರ, ಎರಡು ರೊಟ್ಟಿ ಪಾರ್ಸಲ್ ಕಟ್ಟಲೇನು?" ಅಂದ. ಅಪ್ಪ ನಕ್ಕು ಎದ್ದು ಬಂದ. ಕೆಲಸ ಬಿಟ್ಟ ಮೇಲೂ ದಿನ ಬೆಳಗಾದರೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬಸ್ಸು ಎಣಿಸುತ್ತಿದ್ದ ಮನುಷ್ಯ, ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಸತ್ಯ ನಮ್ಮ ಅಡುಗೆಮನೆಯಲ್ಲಿದೆ. ಬಸ್ಸು ರಾತ್ರಿ ನಮ್ಮೂರಲ್ಲೇ ತಂಗುತ್ತಿತ್ತು. ನಸುಕಿನಲ್ಲಿ ಸಾಹುಕಾರರ ಅವ್ವ ಗಂಟು ತಂದು ನಮ್ಮ ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದಳು. ಗಂಡ ಸತ್ತ ಹೆಂಗಸು, ಕೂಲಿ ಮಾಡಿ ಬದುಕುತ್ತಿದ್ದಳು. ಅಪ್ಪ ಮೊದಲ ದಿನವೇ ಗಂಟನ್ನು ಅಂಗೈಯಲ್ಲಿ ತೂಗಿ ನೋಡಿ, "ಬೆಳೆಯೋ ಹುಡುಗ, ಇದು ಭಾಳ ಹಗರ ಐತಿ" ಅಂದಿದ್ದ. ಅವತ್ತಿನಿಂದ ನಮ್ಮವ್ವ ಗಂಟು ಬಿಚ್ಚಿ, ಅಪ್ಪನ ಬುತ್ತಿಯಿಂದ ಎರಡು ರೊಟ್ಟಿ ತೆಗೆದು ಅದರಲ್ಲಿಟ್ಟು, ಹೇಗಿತ್ತೋ ಹಾಗೇ ಕಟ್ಟುತ್ತಿದ್ದಳು. ಗಂಟಿನ ತುದಿ ಹಿಡಿದು ಕೂರುತ್ತಿದ್ದವಳು ನಾನು. ಒಮ್ಮೆ "ಒಂದು, ಎರಡು, ಮೂರು" ಎಂದು ಎಣಿಸಿದ್ದಕ್ಕೆ ಕೈಮೇಲೆ ಏಟು ಬಿತ್ತು. ನಮ್ಮ ಮನೆಗಳಲ್ಲಿ ರೊಟ್ಟಿ ಎಣಿಸುವುದಿಲ್ಲ. ಎಣಿಸಿದರೆ ಬರಕತ್ತು, ಮನೆಯ ಸಮೃದ್ಧಿ, ಹೋಗುತ್ತದೆ ಅನ್ನುತ್ತಾರೆ. ಆ ಗಂಟು ಕಟ್ಟಿದವಳು ಎಣಿಸಲಿಲ್ಲ, ಹೊತ್ತವನು ಎಣಿಸಲಿಲ್ಲ. ಎಣಿಸಿದವನು ಉಂಡವನೊಬ್ಬನೇ!

ಸೋಮವಾರ ಅಪ್ಪನಿಗೆ ರಜೆ. ಕೊಟ್ಟೂರಿಗೆ ನಡೆದು ಹೋಗಿ ಬಸವೇಶ್ವರನಿಗೆ ಕಾಯಿ ಒಡೆಸಿ ಬರುವ ವಾರ ಅದು. ಅವತ್ತು ಸಾಹುಕಾರರ ಅವ್ವ ಬದಲಿ ಕಂಡಕ್ಟರನ ಕೈಗೇ ಗಂಟು ಕೊಡುತ್ತಿದ್ದಳು. ಅದು ನಮ್ಮ ಅಡುಗೆಮನೆಗೆ ಬರುತ್ತಿರಲಿಲ್ಲ.

ಕಳೆದ ವರ್ಷ ಸಾಹುಕಾರರು ನಾನು ಪಾಠ ಮಾಡುವ ಶಾಲೆಗೇ ಎರಡು ಕೋಣೆ ಕಟ್ಟಿಸಿ ಉದ್ಘಾಟನೆಗೆ ಬಂದರು. ಅಪ್ಪನಿಗೂ ಕರೆಯಿತ್ತು, ಊರ ಹಿರಿಯ ಎಂದು. ಹೊರಡುವಾಗ ನನ್ನ ಮುಖ ನೋಡಿಯೇ ಅಪ್ಪನಿಗೆ ತಿಳಿಯಿತು.

"ಬಾಯಿ ಬಿಟ್ಟೀ ಜ್ವಾಕಿ. ಅವರವ್ವ ಐದು ಕಟ್ತಿದ್ಲು ಅಂತ ತಿಳಕೊಂಡಾನ ಅವ. ಮೂರ ಕಟ್ತಿದ್ಲು ಅಂತ ಹೇಳಿ ಸತ್ತಾಕಿ ಕೈ ಸಣ್ಣದು ಮಾಡಬ್ಯಾಡ."

"ಮತ್ತ ನಿನ್ನ ಕೈ?"

ಅಪ್ಪ ಚಪ್ಪಲಿ ಮೆಟ್ಟಿದ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ನಮ್ಮ ಮನೆ ನೋಡಿಯೇ ಮಾಡಿರಬೇಕು.

ಸಾಹುಕಾರರು ಅಲ್ಲೂ ಅದೇ ಕಥೆ ಹೇಳಿದರು. ಕಂಡಕ್ಟರಪ್ಪನ ಹೊಟ್ಟೆಗೆ ಬಂದು ನಿಲ್ಲಿಸಿದರು. ಇಡೀ ಪೆಂಡಾಲು ನಕ್ಕು, ಮೂರನೇ ಸಾಲಿನಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿ ನೋಡಿತು. ನನ್ನ ಮಕ್ಕಳು, ನಾನು ಅಕ್ಷರ ಕಲಿಸಿದ ಮಕ್ಕಳು, ಬೆರಳು ಮಾಡಿ ತೋರಿಸಿದರು. ಅಪ್ಪನೂ ನಕ್ಕ. ಆ ನಗು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

ಊಟಕ್ಕೆ ಗಣ್ಯರನ್ನೂ ಹಿರಿಯರನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಬಡಿಸುವವರು ನಾವು. ಸಾಹುಕಾರರ ಎಲೆಗೆ ರೊಟ್ಟಿ ಹಾಕುತ್ತಾ ಕೇಳಿದೆ.

"ಸಾಹುಕಾರ್ರ, ರೊಟ್ಟಿ ಕಡಿಮಿ ಬರ್ತಿದ್ದ ದಿನ ಯಾವುದು, ನೆನಪೈತೇನ್ರಿ?"

"ಮರೆಯೋದುಂಟೇನವ್ವಾ? ಸೋಮವಾರ. ಸೋಮವಾರದ ಹಸಿವು ಇನ್ನೂ ಹೊಟ್ಟ್ಯಾಗ ಐತಿ."

"ಸೋಮವಾರ ನಮ್ಮಪ್ಪಗ ರಜಾ ಇರ್ತಿತ್ರಿ. ಅವತ್ತೊಂದಿನ ಗಂಟು ನಮ್ಮ ಅಡಗಿಮನಿಗೆ ಬರ್ತಿರಲಿಲ್ರಿ. ಉಳಿದ ಆರು ದಿನ ಗಂಟು ತಂದಾವ ಅಲ್ಲಿ ಸಾಲಿನ ತುದಿಗೆ ಕುಂತಾನ, ನೋಡ್ರಿ."

ಅವರು ನೋಡಿದರು. ಅಪ್ಪ ತಲೆ ಎತ್ತಲಿಲ್ಲ. ಸಾಹುಕಾರರು ಮುರಿದ ರೊಟ್ಟಿಯನ್ನು ಎಲೆಗೆ ಮರಳಿ ಇಟ್ಟರು. ಬಸ್ಸು ಓಡಿಸಿ ಗೆದ್ದವರಿಗೆ ಅಷ್ಟು ಲೆಕ್ಕ ಬಾರದೇ?

"ಹಂಗಾರ ನಮ್ಮವ್ವ..." ಅಂದರು. ಮೂರು ಎಂಬ ಮಾತನ್ನು ಆಡದೆ ನಾನು ಮುಂದಿನ ಎಲೆಗೆ ಸರಿದೆ. ಅಪ್ಪನ ಮಾತನ್ನು ಅಷ್ಟಾದರೂ ಉಳಿಸಿದೆ ಅಂದುಕೊಂಡೆ. ಉಳಿಸಲಿಲ್ಲ ಎಂಬುದೂ ಗೊತ್ತಿತ್ತು. ಅವರು ಅರ್ಧಕ್ಕೇ ಎದ್ದು, ಅಪ್ಪನ ಎದುರಿಗೆ ಬಂದು ಕೈ ಮುಗಿದು, ಕಾರು ಹತ್ತಿದರು.

ಅಪ್ಪ ಎಂಟು ದಿನ ನನ್ನ ಕೂಡ ಮಾತು ಬಿಟ್ಟ. ಒಂಬತ್ತನೆಯ ಬೆಳಿಗ್ಗೆ ಶರ್ಟು ಕೇಳಿ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಗೆ ಹೋದ. ಚಹಾದಂಗಡಿಯವನು ಎದ್ದು ನಿಂತನಂತೆ.

ಸಾಹುಕಾರರ ಭಾಷಣದಲ್ಲಿ ಈಗ ರೊಟ್ಟಿ ಇಲ್ಲ. ಆ ಜಾಗದಲ್ಲಿ ಬೇರೇನೋ ಬಂದಿದೆ, ಅದಕ್ಕೂ ಜನ ನಗುತ್ತಾರೆ. ಹಳೆಯ ಭಾಷಣ ಮಾತ್ರ ಇನ್ನೂ ಫೋನುಗಳಲ್ಲಿ ಓಡಾಡುತ್ತಿದೆ. ನಮ್ಮಪ್ಪನಿಗೆ ಅವರು ಕೈ ಮುಗಿದರು, ನಿಜ. ಆದರೆ ಕಳ್ಳ ಎಂದದ್ದು ಮೈಕಿನಲ್ಲಿ, ಊರೂರಲ್ಲಿ. ಅಲ್ಲ ಎಂದು ಒಂದೇ ಒಂದು ಊರಿನಲ್ಲಿ, ಅದೇ ಮೈಕು ಹಿಡಿದು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?