ಅಗರದಲ್ಲಿ ಸರಿಹೋಗದ ಬಗ್

ಕೊಳ್ಳೇಗಾಲಕ್ಕೆ ಬಂದ ದಿನ ರಾಗಿಮುದ್ದೆಯನ್ನು ನಮ್ಮ ಜೋಳದ ರೊಟ್ಟಿಯ ಹಾಗೆ ಜಗಿಯುತ್ತ ಕೂತಿದ್ದೆ. ಬಾಡಿಗೆ ಮನೆಯ ಒಡತಿ ಗಾಬರಿಯಾದರು. "ಅಯ್ಯೋ, ಅಗೀಬ್ಯಾಡಿ ಕಣವ್ವ, ನುಂಗಿ!" ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ನಾನು ಇಲ್ಲಿ ಉಣ್ಣುವುದನ್ನೂ ಹೊಸದಾಗಿ ಕಲಿಯಬೇಕಾಯಿತು.

ಹಾಲಿನ ಜಿಡ್ಡು, ಅಂದರೆ ಫ್ಯಾಟ್ ಅಳೆಯುವ ಡೈರಿ ಮೆಷಿನ್ನಿಗೆ ನಮ್ಮ ಕಂಪನಿಯ ಸಾಫ್ಟ್‌ವೇರ್. ಅದರಲ್ಲಿನ ತಪ್ಪುಗಳನ್ನು, ಬಗ್‌ಗಳನ್ನು, ಹಿಡಿದು ಹುಬ್ಬಳ್ಳಿ ಆಫೀಸಿಗೆ ತಿಳಿಸುವುದು ನನ್ನ ಕೆಲಸ. ಕೊಳ್ಳೇಗಾಲದಲ್ಲಿ ಹೊಸ ವರ್ಷನ್, ಹನೂರಿನಲ್ಲಿ ಅದರ ಹಿಂದಿನದು, ಯಳಂದೂರಿನ ಕಡೆಯ ಅಗರದಲ್ಲಿ ಎಲ್ಲಕ್ಕಿಂತ ಹಳೆಯದು. ಮೂರರಲ್ಲೂ ಒಂದೇ ಬಗ್: ಕರೆಂಟ್ ಹೋಗಿ ಬಂದರೆ ಮೊದಲು ಹಾಲು ಕೊಟ್ಟವರ ಫ್ಯಾಟ್ ಆಮೇಲಿನವರ ಹೆಸರಿಗೆ ಬೀಳುತ್ತಿತ್ತು. ಎಮ್ಮೆ ಹಾಲು ತಂದವರಿಗೆ ಹಸುವಿನ ಫ್ಯಾಟ್, ಅದಕ್ಕೆ ತಕ್ಕ ಕಡಿಮೆ ದುಡ್ಡು! ಅಗರದ ಜನ ಮೆಷಿನ್ನನ್ನು ಬಿಟ್ಟು ಡೈರಿ ಸೆಕ್ರೆಟರಿ ಶಿವಮ್ಮನ ಮೇಲೆ ಅನುಮಾನಪಟ್ಟರು.

ಅಗರಕ್ಕೆ ಹೋದಾಗಲೆಲ್ಲ ಶಿವಮ್ಮ ನನ್ನನ್ನು ಒಳಗೆ ತಮ್ಮ ಕುರ್ಚಿಯಲ್ಲೇ ಕೂರಿಸುತ್ತಿದ್ದರು. ಈ ಸೀಮೆಯಲ್ಲಿ ನನ್ನದು ಅನ್ನಿಸಿದ ಮೊದಲ ಜಾಗ ಅದು.

ಒಂದು ವರ್ಷನ್ನಿನಲ್ಲಿ ಸರಿಹೋದ ಬಗ್ ಇನ್ನೊಂದರಲ್ಲಿ ಹಾಗೇ ಇರಬಹುದು, ಪ್ರತಿಯೊಂದನ್ನೂ ಬೇರೆಯಾಗಿ ನೋಡಬೇಕು. ಇದನ್ನು ನನಗೆ ಕಲಿಸಿದವನೇ ಆಫೀಸಿನ ಗಿರೀಶ, ನನ್ನ ಜೊತೆ ಓದಿದವನು. ಅವನೇ "ಮೂರರಾಗೂ ಸರಿ ಮಾಡೀನಿ" ಎಂದು ಆಫೀಸಿನ ಪಟ್ಟಿಯಲ್ಲಿ ಬಗ್ ಮುಚ್ಚಿದ. ಕೊಳ್ಳೇಗಾಲ, ಹನೂರಿನಲ್ಲಿ ನೋಡಿದೆ, ಸರಿಯಿತ್ತು. ಅಗರದ್ದಕ್ಕೆ ಅವನ ಮಾತನ್ನು ಮುದ್ದೆಗಿಂತ ಸಲೀಸಾಗಿ ನುಂಗಿದೆ. ಅಲ್ಲಿ ಹಾಲು ಹಿಡಿದು ಸಾಲಿನಲ್ಲಿ ನಿಂತವರಿಗೆಲ್ಲ "ಇನ್ನು ತಪ್ಪಾಗುವುದಿಲ್ಲ" ಎಂದು ಹೇಳಿಬಂದೆ.

ಅದೇ ವಾರ ಅಗರದಲ್ಲಿ ಕರೆಂಟ್ ಹೋಗಿ ಬಂತು. ಮತ್ತೆ ಅದೇ ತಪ್ಪು. ಜನ ಶಿವಮ್ಮನ ಮೇಲೆ ಹರಿಹಾಯ್ದರು.

ಫೋನ್ ಮಾಡಿದರೆ ಗಿರೀಶ ನಕ್ಕ. "ಹಳೇ ವರ್ಷನ್ನಿಗೆ ಕೈ ಹಚ್ಚೇ ಇಲ್ಲ. ಬಗ್ ಬಾಕಿ ಇದ್ರ ಮ್ಯಾಲಿನವ್ರು ಮುಂದಿನ ವರ್ಷನ್ನಿನ ರಿಲೀಸ್ ನಿಲ್ಲಿಸ್ತಿದ್ರು. ನೀ ನಮ್ಮಾಕಿ ಅಲ್ಲೇನು, ಸ್ವಲ್ಪ ಸಂಭಾಳಿಸು."

ನಮ್ಮೂರ ಮಾತು ಕಿವಿಗೆ ಬಿದ್ದರೆ ಜೀವ ತಂಪಾಗುತ್ತಿತ್ತು. ಅವತ್ತು ಮೈಯೆಲ್ಲ ಉರಿಯಿತು. ನಂಬಿಸಿ ಕತ್ತು ಕೊಯ್ದಿದ್ದ. ಅಗರದ ಹೆಸರಿನಲ್ಲೇ ಬಗ್ಗನ್ನು ಮತ್ತೆ ತೆರೆದೆ. ರಿಲೀಸ್ ನಿಂತಿತು. ಹುಬ್ಬಳ್ಳಿ ಆಫೀಸಿನ ಗೆಳೆಯರು ಸಿಟ್ಟಾಗಿ ತಮ್ಮ ವಾಟ್ಸಾಪ್ ಗುಂಪಿನಿಂದ ನನ್ನನ್ನು ತೆಗೆದರು.

ಹಳೆಯ ವರ್ಷನ್ನೂ ಕೊನೆಗೆ ಸರಿಹೋಯಿತು. ಅಗರಕ್ಕೆ ಹೋಗಿ ಸಾಲಿನವರ ಎದುರಿಗೇ ಮೇನ್ ಸ್ವಿಚ್ ಆಫ್ ಮಾಡಿ, ಆನ್ ಮಾಡಿ ತೋರಿಸಿದೆ. ತಪ್ಪು ನಮ್ಮದು, ಶಿವಮ್ಮನದಲ್ಲ ಎಂದೂ ಹೇಳಿದೆ. ಆಮೇಲೆ ಅಭ್ಯಾಸದಂತೆ ಕುರ್ಚಿಯತ್ತ ಹೋದೆ.

"ನಿಮ್ಮಾತ ನಂಬ್ಕಂಡು ಊರೋರ್ ಮುಂದೆ ಕಳ್ಳಿ ಅನ್ನಿಸ್ಕಂಡೆ ಕಣವ್ವ," ಎಂದರು ಶಿವಮ್ಮ, ತಲೆಯೆತ್ತದೆ. "ಕಂಪನಿಯೋರು ಆಚೆ ಜಗುಲೀಲಿ ಕೂತ್ಕಳಿ. ಟೀ ಅಲ್ಲಿಗೇ ಕಳಿಸ್ತೀನಿ."

ಜಗುಲಿಯಲ್ಲಿ ಕೂತೆ. ಒಳಗಿನ ಕುರ್ಚಿ ಹೋದರೂ ಟೀ ಬಂತು. ಹುಬ್ಬಳ್ಳಿಯಿಂದ ಮಾತ್ರ ಈಗ ಯಾರೂ ಫೋನ್ ಮಾಡುವುದಿಲ್ಲ.