ಪರಲೋಕದ ಟಪಾಲಿನವನು

ನಮ್ಮ ಪಕ್ಕದ ಮನೆಯವನು ಪರಲೋಕದ ಟಪಾಲು ಹಂಚುತ್ತಾನೆಂದು ನನಗೆ ಗೊತ್ತಾದದ್ದು ಹಲ್ಲು ಕೀಳಿಸಲು ಹೋದ ದಿನ. ಅಲ್ಲಿ ಬೆಂಚಿನ ಮೇಲೆ ಅವನ ಹೆಸರು ಅಚ್ಚಾಗಿದ್ದ ಎಂಟು ಪುಟದ ಪುಸ್ತಿಕೆ ಬಿದ್ದಿತ್ತು. "ಸತ್ತವರು ಹೇಳಿದ್ದನ್ನ ಇವರು ಬರ್ಕೊಳ್ತಾರಂತಲ್ಲ ಅಜ್ಜೀ," ಎಂದಳು ನರ್ಸು. ಬದುಕಿದ್ದವರ ಮಾತಿಗೆ ಎಂದೂ ಕಿವಿಗೊಡದವನು! ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತನಾದ ಮೇಲೆ ಆತ್ಮಗಳನ್ನು ತಿದ್ದಲು ಕೂತ. ಬೆಳಿಗ್ಗೆ ಕಣ್ಣು ಮುಚ್ಚಿ ಗೀಚುವುದು, ಮಧ್ಯಾಹ್ನ ಕೆಂಪು ಪೆನ್ನಿನಲ್ಲಿ ಅದನ್ನೇ ಸರಿಮಾಡುವುದು, ಸಂಜೆ ಪಿನ್ನು ಹೊಡೆದು ಕ್ಷೌರದಂಗಡಿಯಲ್ಲಿ ಇಟ್ಟುಬರುವುದು. ಆಮೇಲೆ ಇಂಟರ್ನೆಟ್ಟೂ ಸಿಕ್ಕಿತು, ಕೇಳಬೇಕೆ! ಕಟುಕನಾಗಲಿ ಜಡ್ಜಾಗಲಿ, ಅವನ ಆತ್ಮಗಳೆಲ್ಲ "ಇಲ್ಲಿ ಬೆಳಕಿದೆ, ಚಿಂತಿಸದಿರಿ" ಎಂದೇ ಶುರುಮಾಡುತ್ತವೆ. ಜನ್ಮವಿಡೀ ನನ್ನನ್ನು "ಏಯ್" ಎಂದು ಕರೆದ ನಮ್ಮ ಯಜಮಾನರೂ "ಪ್ರಿಯ ಸಹಧರ್ಮಿಣಿ" ಎಂದು ಎರಡು ಪುಟ ಬರೆಸಿದರು. "ಇದು ಬೇರೆ ಯಾರದೋ ಗಂಡ ಕಣಪ್ಪಾ, ವಾಪಸ್ ಕಳಿಸು," ಎಂದೆ. "ಅಲ್ಲಿಗೆ ಹೋದ್ಮೇಲೆ ಎಲ್ಲರೂ ಸುಧಾರಿಸ್ತಾರೆ ಅಕ್ಕಾ," ಎಂದ, ನಾಚಿಕೆಯಿಲ್ಲದೆ. ಊರವರಿಗೆಲ್ಲ ಪುಟಗಟ್ಟಲೆ ಹೊಸೆಯುವ ಈ ಮಹಾಶಯ ತೀರಿಹೋದ ತನ್ನ ಹೆಂಡತಿಯ ಹೆಸರಲ್ಲಿ ಮಾತ್ರ ಒಂದು ಸಾಲೂ ಅಚ್ಚು ಹಾಕಿಸಿಲ್ಲ. ಆಸ್ಪತ್ರೆಯಲ್ಲಿ ಅವಳು ಕರೆಯುತ್ತಿದ್ದಾಗ ಇವನು ಪ್ರೆಸ್ಸಿನಿಂದ ಎದ್ದು ಬಂದಿರಲಿಲ್ಲ. ಹೋದ ವಾರ ನನ್ನ ಬಾಗಿಲಲ್ಲಿ ನಿಂತು ಕೇಳಿದ: "ಎಷ್ಟು ಕೂತ್ರೂ ಅವಳು ಬರ್ತಿಲ್ಲ. ನಿಮ್ಮ ಹತ್ರ ಅವಳಿಗೆ ಸಲಿಗೆ ಇತ್ತಲ್ಲ, ಹೋಗೋ ಮುಂಚೆ ನನಗೇಂತ ಏನಾದ್ರೂ ಹೇಳಿದ್ಲಾ? ಬೈದಿದ್ರೂ ಪರವಾಗಿಲ್ಲ, ಹೇಳಿಬಿಡಿ ಅಕ್ಕಾ."