ಕಾರು ಬೇಕು, ಕಾರಿನವಳು ಬೇಡ

ಮನೆಯ ಮುಂದೆ ಹಳೆಯ ಕಾರೊಂದಿದ್ದರೆ ಅದು ಊರಿಗೆಲ್ಲ ಸೇರಿದ್ದು ಅಂತ ಜನ ಅದು ಹೇಗೋ ತೀರ್ಮಾನಿಸಿಬಿಡುತ್ತಾರೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಹೊಸ ಕಾರುಗಳು ಬೇಕಾದಷ್ಟಿವೆ. ಅವನ್ನು ಯಾರೂ ಕೇಳುವುದಿಲ್ಲ. ನನ್ನ ಕೆನೆಬಣ್ಣದ ಅಂಬಾಸಿಡರನ್ನು ಮಾತ್ರ ಕೇಳುತ್ತಾರೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಹೊಳೆ ದಂಡೆಗೆ ಬೇಕಂತೆ, ನಾಟಕದ ತಂಡದವರಿಗೆ ಒಂದು ದಿನ ಬೇಕಂತೆ, ಯಾರದೋ ಅಳಿಯ ಬಂದಿದ್ದಾನೆ ಅವನಿಗೆ ಒಂದು ರೌಂಡ್ ಬೇಕಂತೆ. ಕೊಡುವುದಿಲ್ಲ ಅಂದರೆ ನಾನು ಜಿಪುಣಿ, ಜಂಭಗಾತಿ. ಆಗಲಿ. ಹಲ್ಲುಜ್ಜುವ ಬ್ರಷ್ಷನ್ನು ಕೇಳಲು ನಾಚುವ ಜನಕ್ಕೆ ಕಾರು ಕೇಳಲು ನಾಚಿಕೆ ಇಲ್ಲ.

ಪುಸ್ತಕ, ಲೇಖನಿ, ಹೆಂಗಸು ಪರರ ಕೈಗೆ ಹೋದರೆ ಹೋದ ಹಾಗೇ ಅಂತ ಹಳೆಯವರ ಮಾತೊಂದಿದೆ. ನಾನು ಗಣಿತ ಕಲಿಸುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಒಬ್ಬ ಮೇಷ್ಟ್ರು ಆ ಪಟ್ಟಿಗೆ ಕಾರನ್ನೂ ಸೇರಿಸಿ, ನನ್ನ ಪರವಾಗಿಯೇ ಮಾತಾಡಿದವರಂತೆ ನಕ್ಕರು. ನನಗೆ ಮೈ ಉರಿಯಿತು. ಹೆಂಗಸನ್ನು ಪೆನ್ನಿನ ಪಕ್ಕದಲ್ಲಿಟ್ಟವನಿಗೆ ಪೆನ್ನಿನ ಬೆಲೆಯೂ ಗೊತ್ತಿರಲಾರದು ಅಂದೆ. ಅವರು ಚಹಾ ಲೋಟ ಹಿಡಿದುಕೊಂಡು ಹೊರಗೆ ಹೋದರು.

ಆ ಕಾರು ನನ್ನ ಗಂಡನದು. ಬಸ್ ಸ್ಟ್ಯಾಂಡ್ ಹತ್ತಿರ ಅವರಿಗೆ ಸ್ಪೇರ್ ಪಾರ್ಟ್ಸ್ ಅಂಗಡಿ ಇತ್ತು. ಹಾಸನದಲ್ಲಿ ಒಬ್ಬ ಡಾಕ್ಟರ ಮನೆಯ ಹಿಂದೆ ಹುಣಸೆಮರದ ಕೆಳಗೆ ತುಕ್ಕು ಹಿಡಿದು ನಿಂತಿದ್ದ ಗಾಡಿಯನ್ನು ಲಾರಿಗೆ ಹಾಕಿಸಿಕೊಂಡು ತಂದಾಗ ನಾನು ರಂಪ ಮಾಡಿದ್ದೆ. ಆಮೇಲೆ ಮೂರು ವರ್ಷ ಪ್ರತಿ ಭಾನುವಾರ ನಾನೇ ಟಾರ್ಚ್ ಹಿಡಿದೆ. ಕಾರಿನ ಕೆಳಗೆ ಮಲಗಿಕೊಂಡು ಅವರು "ಹನ್ನೆರಡು ಹದಿಮೂರು ಕೊಡು" ಅಂದರೆ ಯಾವ ಸ್ಪ್ಯಾನರ್ ಅಂತ ನೋಡದೆಯೇ ಕೈಗೆ ಕೊಡುವಷ್ಟು ಪಳಗಿದೆ. ಓಡಿಸಲು ಕಲಿಸಿದವರೂ ಅವರೇ. ಅದರ ಗೇರು ನೆಲದಲ್ಲಿಲ್ಲ, ಸ್ಟೇರಿಂಗಿನ ಪಕ್ಕದಲ್ಲಿದೆ. ಒಂದರಿಂದ ಎರಡಕ್ಕೆ ಹಾಕುವಾಗ ಆತುರಪಟ್ಟರೆ ಸಿಕ್ಕಿಕೊಳ್ಳುತ್ತದೆ. ಆಗ ಬಾನೆಟ್ ಎತ್ತಿ, ಸ್ಟೇರಿಂಗ್ ಕಂಬದ ಬುಡದಲ್ಲಿರುವ ಎರಡು ಸರಳುಗಳನ್ನು ಕೈಯಿಂದ ಅಲುಗಿಸಿ ಸಮಕ್ಕೆ ತರಬೇಕು. ಗೊತ್ತಿದ್ದವರಿಗೆ ಎರಡು ನಿಮಿಷದ ಕೆಲಸ. ಗೊತ್ತಿಲ್ಲದವರು ಗೇರ್ ಬಾಕ್ಸೇ ಹೋಯಿತು ಅಂದುಕೊಳ್ಳುತ್ತಾರೆ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರಿಗೆ ಎದೆ ಹಿಡಿದುಕೊಂಡಿತು. ಆಂಬುಲೆನ್ಸಿಗೆ ಕಾಯದೆ ನಾನೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೊರಟೆ. ದಾರಿಯಲ್ಲಿ ಮೊಸಳೆ ಅನ್ನುವ ಊರು ದಾಟುವಷ್ಟರಲ್ಲಿ ಹೋಗಿಬಿಟ್ಟರು. ಆಸ್ಪತ್ರೆಯವರು ಹೇಳಿದ್ದು ಆಮೇಲೆ. ನನಗೆ ಮೊಸಳೆಯಲ್ಲೇ ಗೊತ್ತಾಗಿತ್ತು. ಆದರೂ ಗಾಡಿ ನಿಲ್ಲಿಸಲಿಲ್ಲ, ಗೇರು ಒಂದು ಸಲವೂ ತಪ್ಪಲಿಲ್ಲ.

ಹನ್ನೊಂದನೇ ದಿನ ಮನೆ ತುಂಬ ಹೆಂಗಸರು ಸೇರಿ ನನ್ನ ಬಳೆ ಒಡೆಯಲು ಕೂತಾಗ ಅಡ್ಡ ಬಂದವಳು ಒಬ್ಬಳೇ. ನನ್ನ ಗೆಳತಿ. ಹೈಸ್ಕೂಲಿನಿಂದ ಒಂದೇ ಬೆಂಚಿನಲ್ಲಿ ಕೂತವಳು, ಅರಕಲಗೂಡಿಗೆ ಸೊಸೆಯಾಗಿ ಹೋದವಳು. ನನ್ನ ಎರಡೂ ಮಣಿಕಟ್ಟನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಇವಳ ಬಳೆ ಮುಟ್ಟುವವರು ಮೊದಲು ನನ್ನ ಬಳೆ ಒಡೆಯಿರಿ ಅಂದಳು. ಅತ್ತೆಯ ಕಡೆಯವರು ಗೊಣಗಿಕೊಂಡು ಎದ್ದು ಹೋದರು. ಅವಳ ಆ ಹಿಡಿತದಿಂದಲೇ ನಾನು ಮತ್ತೆ ಬೊಟ್ಟು ಇಟ್ಟುಕೊಂಡು ಶಾಲೆಗೆ ಹೋದೆ, ಬಣ್ಣದ ಸೀರೆ ಉಟ್ಟೆ. ಇದನ್ನು ಇಲ್ಲಿ ಬರೆಯಲೇಬೇಕು. ಅವಳು ಕೆಟ್ಟವಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಕಳೆದ ವರ್ಷ ಅವಳ ಮಗಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಹಿರೀಸಾವೆಯವರು, ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ. ಲಗ್ನಪತ್ರಿಕೆ ಕೊಡಲು ಬಂದವಳು ಕಾರು ಕೇಳಿದಳು. ಹೆಣ್ಣು ಈ ಕಾರಿನಲ್ಲೇ ಹೋಗಿ ಇಳಿಯಬೇಕು ಅನ್ನುವುದು ಮಗಳ ಆಸೆಯಂತೆ. ಆ ಹುಡುಗಿಗೆ ಪಿ.ಯು.ಸಿ.ಯಲ್ಲಿ ಗಣಿತ ಹೇಳಿಕೊಟ್ಟವಳು ನಾನು, ನನ್ನನ್ನು ಚಿಕ್ಕಮ್ಮ ಅನ್ನುತ್ತಾಳೆ. ಕೇಳುವುದೇನು ಬಂತು, ನಾನೇ ಓಡಿಸಿಕೊಂಡು ಹೋಗುತ್ತೇನೆ ಅಂದೆ. ಅವಳು ನನ್ನ ತೊಡೆಯ ಮೇಲೆ ಕೈಯಿಟ್ಟು, ನೀನು ಡ್ರೈವರ್ ಕೆಲಸ ಮಾಡುವುದೇ, ನಮ್ಮ ಮನೆಯವಳು ನೀನು, ದಿಬ್ಬಣದ ಬಸ್ಸಿನಲ್ಲಿ ನೆಂಟರ ಜೊತೆ ಆರಾಮವಾಗಿ ಬಾ, ಕಾರನ್ನು ನಮ್ಮಣ್ಣ ಓಡಿಸುತ್ತಾನೆ ಅಂದಳು. ನನಗೆ ಹಿಗ್ಗೋ ಹಿಗ್ಗು. ಹೊಗಳಿಕೆಯೇ ಹೊನ್ನಶೂಲ ಅಂತ ಸುಮ್ಮನೆ ಅಂದಿಲ್ಲ. ಅದುವರೆಗೆ ಯಾರಿಗೂ ಕೊಡದ ಕೀಲಿಯನ್ನು ಕೊಟ್ಟೆ. ಅವಳ ಅಣ್ಣ ಕಾರು ಒಯ್ಯಲು ಬಂದಾಗ ಗೇರಿನ ವಿಷಯ ಹೇಳಿದೆ. ಟ್ರಾಕ್ಟರ್ ಓಡಿಸುವವನಿಗೆ ಇದೇನು ಮಹಾ ಅಂದ.

ಮದುವೆ ಸೋಮವಾರ, ದಿಬ್ಬಣ ಹೊರಟದ್ದು ಭಾನುವಾರ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಹೆಣ್ಣು ಛತ್ರದ ಹೊಸ್ತಿಲು ದಾಟಬೇಕು. ಅರಕಲಗೂಡಿನಿಂದ ಬಂದ ಕಾರು ಮತ್ತು ಬಸ್ಸು ನಮ್ಮೂರಿನಲ್ಲಿ ನನ್ನನ್ನು ಹತ್ತಿಸಿಕೊಳ್ಳಲು ನಿಂತವು. ಕಾರಿಗೆ ಮಲ್ಲಿಗೆ ಹಾರ, ಬಾನೆಟ್ಟಿಗೆ ಅರಿಶಿನ ಕುಂಕುಮ. ಪುರೋಹಿತರ ಕೈಯಲ್ಲಿ ಪುಣ್ಯಾಹ ಮಾಡಿಸಿ ಒಳಗೂ ಹೊರಗೂ ನೀರು ಚಿಮುಕಿಸಿದ್ದೇವೆ ಅಂತ ಅಣ್ಣ ಹೇಳಿದ. ಶುಭಕಾರ್ಯಕ್ಕೆ ಹೊರಟ ಗಾಡಿ, ಮಾಡಿಸಿರುತ್ತಾರೆ ಅಂದುಕೊಂಡೆ. ಯಾವ ಸೂತಕ ತೊಳೆದರು ಅಂತ ಆಗ ಹೊಳೆಯಲಿಲ್ಲ.

ಅರ್ಧ ದಾರಿಯಲ್ಲಿ ಒಂದು ಹಂಪ್ ದಾಟಿದ ಮೇಲೆ ಕಾರು ನಿಂತಿತು. ಹಿಂದೆ ಬಸ್ಸೂ ನಿಂತಿತು. ನಾನು ಇಳಿದು ಹೋಗಿ ನೋಡಿದರೆ ಅಣ್ಣ ಗೇರಿನ ಹಿಡಿಯನ್ನು ಬಾವಿಯ ರಾಟೆ ಎಳೆದಂತೆ ಎಳೆಯುತ್ತಿದ್ದಾನೆ. ಗೇರ್ ಬಾಕ್ಸ್ ಹೋಗಿದೆ, ಟೋ ಮಾಡಿಸಬೇಕು ಅಂದ. ಗೆಳತಿ ಗಡಿಯಾರ ನೋಡಿಕೊಂಡು ಬೆವರುತ್ತಿದ್ದಳು. ಮಗಳನ್ನು ಬಸ್ಸಿಗೆ ಹತ್ತಿಸೋಣ ಅಂದರೆ, ಹೆಣ್ಣು ಬಸ್ಸಿನಿಂದ ಇಳಿದರೆ ಬೀಗರ ಮುಂದೆ ಮರ್ಯಾದೆ ಏನಾಗುತ್ತದೆ ಅಂದಳು. ನಾನು ಅಣ್ಣನನ್ನು ಆಚೆಗೆ ಸರಿಸಿದೆ. ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿ, ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದೆ. ಸರಳುಗಳು ಒಂದರ ಮೇಲೊಂದು ಕೂತಿದ್ದವು. ಅಲುಗಿಸಿದೆ. ಟಕ್ ಅಂತ ಗೇರು ಕೂತಿತು. ಬಸ್ಸಿನ ಕಿಟಕಿಯಲ್ಲಿದ್ದ ಹೆಂಗಸರು ಚಪ್ಪಾಳೆ ತಟ್ಟಿದರು.

ಇನ್ನು ಯಾರೂ ಡ್ರೈವರ್ ಕೆಲಸದ ಮಾತೆತ್ತಲಿಲ್ಲ. ನಾನೇ ಸ್ಟೇರಿಂಗ್ ಹಿಡಿದೆ, ಅಣ್ಣ ಪಕ್ಕದಲ್ಲಿ ಕೂತ, ಗೆಳತಿ ಮತ್ತು ಮಗಳು ಹಿಂದೆ. ಗಾಡಿ ಎಷ್ಟು ಚೆನ್ನಾಗಿ ಓಡಿತು ಅಂದರೆ, ನನ್ನವರು ಹೋದ ಮೇಲೆ ಮೊದಲ ಸಲ ನನಗೆ ಹಾಡು ಗುನುಗಬೇಕು ಅನ್ನಿಸಿತು. ಗುನುಗಿದೆ ಕೂಡ. ಹಿಂದಿನಿಂದ ಗೆಳತಿ ನನ್ನ ಭುಜ ಒತ್ತಿ, ನೀನಿಲ್ಲದಿದ್ದರೆ ಏನು ಗತಿಯಾಗುತ್ತಿತ್ತೋ ಅಂದಳು.

ಚನ್ನರಾಯಪಟ್ಟಣ ಸೇರಿದಾಗ ನಾಲ್ಕೂಕಾಲು ಗಂಟೆ. ದೂರದಲ್ಲಿ ಛತ್ರದ ಕಮಾನು ಕಾಣಿಸಿತು. ಅದಕ್ಕಿಂತ ಮುಂಚೆ ಒಂದು ಪೆಟ್ರೋಲ್ ಬಂಕ್. ಅಣ್ಣ ಕೈ ತೋರಿಸಿ, "ಇಲ್ಲೇ ಒಸಿ ನಿಲ್ಸಕ್ಕ. ಇನ್ ನಾನ್ ಓಡಿಸ್ಕಂಡ್ ಓಯ್ತೀನಿ" ಅಂದ.

ಪೆಟ್ರೋಲ್ ಹಾಕಿಸಲು ಇರಬೇಕು ಅಂದುಕೊಂಡು ನಿಲ್ಲಿಸಿದೆ. ಇಷ್ಟು ದೂರ ಬಂದವಳಿಗೆ ಇನ್ನು ಕೂಗಳತೆ ದೂರ ಕಷ್ಟವೇ ಅಂತ ನಕ್ಕೆ. ಅವನು ನಗಲಿಲ್ಲ. ಹಿಂದೆ ತಿರುಗಿ ತಂಗಿಯ ಮುಖ ನೋಡಿದ. ಅವಳು ಹೇಳಿದಳು.

"ಬೇಜಾರ್ ಮಾಡ್ಕಬ್ಯಾಡ ಕಣೆ. ಬೀಗ್ರು ಆರತಿ ಹಿಡ್ಕಂಡು ಬಾಗ್ಲಲ್ಲೇ ನಿಂತವ್ರಂತೆ. ಕಾರ್ ಬಂದೇಟ್ಗೆ ಮೊದ್ಲು ಕಾಣಾದು ನಿನ್ ಮುಖಾನೆ ಅಲ್ವಾ."

ಇಂಥ ಮಾತು ಕೇಳಿದಾಗ ಅರ್ಥವಾಗಲು ಒಂದು ಗಳಿಗೆ ಬೇಕಾಗುತ್ತದೆ. ನನ್ನ ಮುಖಕ್ಕೆ ಗ್ರೀಸ್ ಹತ್ತಿದೆಯೇನೋ ಅಂತ ಕನ್ನಡಿ ನೋಡಿಕೊಂಡೆ. ಹತ್ತಿರಲಿಲ್ಲ. ಆಮೇಲೆ ಅರ್ಥವಾಯಿತು. ಬಸ್ಸಿನಲ್ಲಿ ಆರಾಮವಾಗಿ ಬಾ ಅಂದದ್ದು ಯಾಕೆ, ಪುಣ್ಯಾಹ ಯಾಕೆ, ಎಲ್ಲ ಅರ್ಥವಾಯಿತು. ಕನ್ನಡಿಯಲ್ಲಿ ಹುಡುಗಿಯ ಮುಖವೂ ಕಂಡಿತು. ಎಂ.ಎಸ್ಸಿ. ಓದಿದವಳು. ತಲೆ ಬಗ್ಗಿಸಿ ಅಂಗೈಯ ಮೆಹಂದಿ ನೋಡಿಕೊಳ್ಳುತ್ತಿದ್ದಳು. ಒಂದು ಮಾತು, ಚಿಕ್ಕಮ್ಮನೇ ಓಡಿಸಲಿ ಬಿಡಮ್ಮ ಅನ್ನುವ ಒಂದೇ ಮಾತು ಅವಳ ಬಾಯಿಂದ ಬರಲಿಲ್ಲ. ಎರಡು ವರ್ಷ ಅವಳಿಗೆ ಕಲಿಸಿದ ಗಣಿತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ನಾನು ಇಳಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟಿರುವುದು ಈ ಎರಡು ಪದಗಳ ಮೇಲೆ. ಕೀಲಿ ನನ್ನ ಕೈಯಲ್ಲಿತ್ತು, ಕಾರು ನನ್ನದು, ತಡವಾದರೆ ರಾಹುಕಾಲದ ಭಯ ಅವರದ್ದು. ನೇರ ಬಾಗಿಲಿಗೇ ಹೊಡೆಯಬಹುದಿತ್ತು. ಹಾಗೆಯೇ ಹಿಂದಕ್ಕೆ ತಿರುಗಿಸಬಹುದಿತ್ತು. ತರಗತಿಯಲ್ಲಿ ಐವತ್ತು ಮಕ್ಕಳನ್ನು ಕಣ್ಣಿನಲ್ಲೇ ನಿಲ್ಲಿಸುವವಳು ನಾನು. ಆದರೆ ಅಂದು ಕಳ್ಳಿಯಂತೆ ಇಳಿದು, ಸೀಟನ್ನು ಬಿಟ್ಟುಕೊಟ್ಟು, ಗೇರು ನಿಧಾನಕ್ಕೆ ಹಾಕಿ ಅಂತ ಬುದ್ಧಿಮಾತನ್ನೂ ಹೇಳಿ ಕಳಿಸಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಾರೆ. ನನ್ನನ್ನು ದಡ ಮುಟ್ಟುವ ಮೊದಲೇ ಇಳಿಸಿದರು. ಹಿಂದೆ ಬಂದ ಬಸ್ಸು ನಿಂತು ಹತ್ತಿ ಅಂದರೂ ಹತ್ತಲಿಲ್ಲ. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಕಿಟಕಿಯ ಒಳಗೆ ಸುಮ್ಮನಿದ್ದವು. ರಸ್ತೆ ಬದಿಯಲ್ಲಿ ನಡೆದುಕೊಂಡು ಹೋದೆ. ನಾನು ಕಮಾನು ಮುಟ್ಟುವ ಹೊತ್ತಿಗೆ ಆರತಿ ಮುಗಿದಿತ್ತು. ಹೆಣ್ಣಿಗೂ ಎತ್ತಿದ್ದರು, ಕಾರಿಗೂ ಎತ್ತಿದ್ದರು. ಬಾನೆಟ್ಟಿನ ಮೇಲೆ ಹೊಸ ಕುಂಕುಮ ಇತ್ತು.

ಎದ್ದು ಬಂದೆ ಅಂತ ಬರೆದರೆ ಚೆನ್ನಾಗಿರುತ್ತದೆ. ಬರಲಿಲ್ಲ. ನಲ್ಲಿಯಲ್ಲಿ ಕೈಯ ಗ್ರೀಸ್ ತಿಕ್ಕಿ ತೊಳೆದು, ಕೊನೆಯ ಸಾಲಿನಲ್ಲಿ ಕೂತು, ಮಾರನೇ ದಿನ ಅಲ್ಲಿಂದಲೇ ಅಕ್ಷತೆ ಎಸೆದು, ಊಟವನ್ನೂ ಮಾಡಿದೆ. ಹೋಳಿಗೆ ಚೆನ್ನಾಗಿತ್ತು. ಕಾರನ್ನು ಒಬ್ಬಳೇ ಓಡಿಸಿಕೊಂಡು ಮನೆಗೆ ಬಂದೆ.

ಮನೆಗೆ ಬಂದ ಮೇಲೆ ಯೋಚಿಸಿದೆ, ಈಗಲೂ ಯೋಚಿಸುತ್ತೇನೆ. ನನ್ನ ಗಂಡ ಪ್ರಾಣ ಬಿಟ್ಟದ್ದು ಆ ಕಾರಿನ ಮುಂದಿನ ಸೀಟಿನಲ್ಲಿ. ಅದು ಗೆಳತಿಗೂ ಗೊತ್ತು, ಅವಳ ಅಣ್ಣನಿಗೂ ಗೊತ್ತು. ಅದೇ ಸೀಟಿನಲ್ಲಿ ಅವನು ಕೂತು ಬಂದ. ಸಾವು ಕಂಡ ಸೀಟಿಗೆ ಒಂದು ಚೊಂಬು ನೀರು ಸಾಕಾಯಿತು. ಆ ಸೀಟಿನ ಪಕ್ಕದಲ್ಲಿ ಗಾಡಿ ಓಡಿಸುತ್ತಿದ್ದ ನನ್ನನ್ನು ತೊಳೆಯಲು ಹೇಮಾವತಿಯೂ ಸಾಲದು. ಸ್ನೇಹಿತರಿಗೆ ಕಾರು ಕೊಡಬೇಕೋ ಬೇಡವೋ ಅಂತ ಜನ ಚರ್ಚೆ ಮಾಡುವಾಗ ಗೀರು ಬೀಳುತ್ತದೆ, ಕ್ಲಚ್ ಸವೆಯುತ್ತದೆ ಅಂತ ಮಾತಾಡುತ್ತಾರೆ. ನನ್ನ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ತೊಳೆದು ಒರೆಸಿ ಕೊಟ್ಟಿದ್ದರು.

ನಾವು ಜಗಳ ಆಡಲಿಲ್ಲ. ಅವಳು ಆಗಾಗ ಫೋನ್ ಮಾಡುತ್ತಿದ್ದಳು, ಬಂಕಿನ ವಿಷಯ ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಕ್ಷಮಿಸು ಅನ್ನುತ್ತಾಳೆ ಅಂತ ಪ್ರತಿ ಸಲವೂ ಕಾಯುತ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಫೋನ್ ಬಂತು. ಮಗಳಿಗೆ ಏಳು ತಿಂಗಳು. ಸೀಮಂತ ಮುಗಿಸಿ ಹಿರೀಸಾವೆಯಿಂದ ತವರಿಗೆ ಕರೆತರಬೇಕು. ಈಗಿನ ಕಾರುಗಳ ಸೀಟು ಗಟ್ಟಿ, ನಿನ್ನ ಕಾರಿನದು ಸೋಫಾ ಇದ್ದ ಹಾಗೆ, ಬಸುರಿಗೆ ಕುಲುಕುವುದಿಲ್ಲ ಅಂದಳು. ಅಣ್ಣ ಈಗ ಸ್ಟೇರಿಂಗಿನ ಪಕ್ಕದ ಗೇರು ಕಲಿತುಕೊಂಡಿದ್ದಾನಂತೆ. ಅವನನ್ನು ಶನಿವಾರ ಕೀಲಿಗೆ ಕಳಿಸುತ್ತೇನೆ ಅಂದಳು.

ನಾನು ಓಡಿಸಿಕೊಂಡು ಬರುತ್ತೇನೆ, ಬಾಗಿಲವರೆಗೆ, ಅಂದೆ.

ಅವಳ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ, ನನ್ನದೇನೂ ಇಲ್ಲ ಕಣೆ, ಹುಡುಗಿಯ ಅತ್ತೆ ಹಳೇ ಕಾಲದವರು, ಬಸುರಿ ಬೇರೆ, ಏನಾದರೂ ಹೆಚ್ಚುಕಮ್ಮಿ ಆದರೆ ಆಡಿಕೊಳ್ಳುತ್ತಾರೆ ಅಂತ ಎಳೆಎಳೆಯಾಗಿ ಹೇಳಿದಳು. ನನ್ನ ಧ್ವನಿ ನಡುಗಲಿಲ್ಲ, ಅದಕ್ಕೆ ಇಂದಿಗೂ ನನಗೆ ಸಮಾಧಾನವಿದೆ.

"ಅಂಗಾದ್ರೆ ಕಾರೂ ಬರಾಕಿಲ್ಲ ಕಣೆ" ಅಂದೆ. "ನನ್ಗೂ ಅದ್ಕೂ ಯಜಮಾನ ಒಬ್ನೇ. ಅವ್ನು ಸತ್ತ್ ದಿನ ನಾನೊಬ್ಳೇ ಅಲ್ಲ, ಅದೂ ಮುಂಡೆ ಆಯ್ತು. ಮುಂಡೇರು ಶುಭಕಾರ್ಯಕ್ಕೆ ಬರಬಾರ್ದು."

ಅವಳು ಅಳುತ್ತಾಳೆ ಅಂದುಕೊಂಡೆ. ಇಲ್ಲ, ಬೈಯುತ್ತಾಳೆ ಅಂದುಕೊಂಡೆ. ಅವಳು ನಿಜವಾಗಿಯೂ ನೊಂದುಕೊಂಡ ದನಿಯಲ್ಲಿ ಹೇಳಿದಳು.

"ಬಿಡ್ತು ಅನ್ನು. ಅಂಗೆಲ್ಲ ಅನ್ನಬ್ಯಾಡ ಕಣೆ. ಪಾಪ, ಆ ಕಾರೇನ್ ಮಾಡ್ತು?"